ಆಲೆಮನೆಯಲ್ಲಿ ತೂಗಿದ ದೋಣಿ

ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯೊಂದಿದೆ. ಬೆಡ್‌ಶೀಟು, ಹೊದಿಕೆ ಬಿದ್ದ ದಿನ ಅದು ನಡು ಬಗ್ಗಿಸಿ ನೆಲ ಮುಟ್ಟಲು ನೋಡುತ್ತದೆ. ಎತ್ತಿ ಹಿಡಿಯಲೆಂದು ಕೆಳಗೊಂದು ಕೋಲು ನಿಲ್ಲಿಸಿದ್ದೇವೆ. ಕೋಲು ಅಂದೆನಲ್ಲ, ನಿಜವಾಗಿ ಅದು ಹುಟ್ಟು. ದೋಣಿ ನಡೆಸುವ ಮರದ ಹುಟ್ಟು, ಅಜ್ಜಿಯ ಊರಿನಿಂದ ಬಂದದ್ದು. ಹೊಳೆಯೇ ಇಲ್ಲದ ಜಗಳೂರಿನಂಥ ಊರಿನಲ್ಲಿ ಹುಟ್ಟು ಇಟ್ಟುಕೊಂಡ ಮನೆ ನಮ್ಮದೊಂದೇ ಇರಬೇಕು. ಇದಕ್ಕೆ ಹೆಮ್ಮೆ ಪಡಬೇಕೋ ನಾಚಿಕೊಳ್ಳಬೇಕೋ ಇನ್ನೂ ತೀರ್ಮಾನವಾಗಿಲ್ಲ.

ಕಳೆದ ಮುಂಗಾರು ಶುರುವಾದ ಹೊಸತರಲ್ಲಿ ಸಿಲಿಂಡರ್ ತಂದವನು ಹಿತ್ತಲ ಬಾಗಿಲಿಗೆ ಬಂದು, ಈ ಹುಟ್ಟನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಸಾರ್ ಇದು, ಭೀಮ ಆಡೋ ಬ್ಯಾಟಾ?"

"ಹುಟ್ಟು. ದೋಣಿದು."

"ದೋಣೀದಾ?" ಅವನು ನಮ್ಮ ಹುಣಸೆಮರದ ಹಿಂದೆ, ನೀರಿನ ತೊಟ್ಟಿಯ ಪಕ್ಕ, ಒಮ್ಮೆ ಕಣ್ಣಾಡಿಸಿದ. "ಮತ್ತೆ ದೋಣಿ ಎಲ್ಲೈತೆ?"

ನಾನು ಯೋಚನೆ ಮಾಡದೆ ಹೇಳಿಬಿಟ್ಟೆ: "ಮಳೆಗಾಲ ಬಂತಲ್ಲ, ಮೇಲೆ ಕಟ್ಟಿರ್ತಾರೆ. ತೊಲೆಗೆ, ಹಗ್ಗ ಹಾಕಿ."

ಅವನು ಖಾಲಿ ಸಿಲಿಂಡರ್ ಹೆಗಲಿಗೇರಿಸಿಕೊಂಡು, ಮೇಷ್ಟ್ರುಗಳ ಮಾತಿಗೆ ಎದುರಾಡಬಾರದೆಂಬ ಮುಖ ಮಾಡಿ ಹೋದ. ಆದರೆ ಅಡುಗೆಮನೆಯ ಕಿಟಕಿಯಿಂದ ಗಿರಿಜೆಯ ದನಿ ಬಂತು. ಗಿರಿಜೆ ನನ್ನ ಹೆಂಡತಿ. ನಾನು ಎಲ್ಲಿ ಜಾರುತ್ತೇನೆಂದು ಅವಳಿಗೆ ಮೊದಲೇ ಗೊತ್ತಿರುತ್ತದೆ. "ದೋಣಿನ ಯಾರಾದ್ರೂ ತೊಲೆಗೆ ಕಟ್ತಾರೇನ್ರಿ?"

ಕಟ್ಟುತ್ತಾರೆಯೇ? ನಾನು ಕಂಡಿದ್ದೆನಲ್ಲ!

ನಮ್ಮ ಅಜ್ಜಿಯ ಊರು ನ್ಯಾಮತಿ ತಾಲ್ಲೂಕಿನದು. ಗೋವಿನಕೋವಿ ದಾಟಿ ಒಂದಷ್ಟು ದೂರ ಹೋದರೆ, ಹೊಳೆಯ ದಂಡೆಗೇ ಅಂಟಿಕೊಂಡಂತಿದೆ. ತುಂಗಭದ್ರೆ ಎಂದು ಅಲ್ಲಿ ಯಾರೂ ಅನ್ನುವುದಿಲ್ಲ, ಹೊಳೆ ಅಷ್ಟೇ. ದಸರಾ ರಜೆಗೆ ನನ್ನನ್ನೂ ಅಕ್ಕನನ್ನೂ ಅಲ್ಲಿಗೆ ಅಟ್ಟುತ್ತಿದ್ದರು. ನನಗಿರುವ ನೆನಪು ಇದು: ಕತ್ತಲು ಕತ್ತಲಾದ ದೊಡ್ಡ ಚಪ್ಪರದಂಥ ಜಾಗ, ಬೆನ್ನಿಗೆ ಒಣ ಕಬ್ಬಿನ ಸಿಪ್ಪೆಯ ರಾಶಿ, ನಾನು ಅಂಗಾತ ಮಲಗಿದ್ದೇನೆ. ತಲೆಯ ಮೇಲೆ, ಹಗ್ಗಗಳಲ್ಲಿ ತೂಗುತ್ತ, ಕಪ್ಪಗೆ ಮಿರುಗುವ ಹೊಟ್ಟೆಯ ದೋಣಿ. ಹಂಚಿನ ಸಂದಿಯಿಂದ ಬಿಸಿಲಿನ ಕೋಲುಗಳು ಇಳಿದಿವೆ. ಮೀನಿಗೆ ದೋಣಿ ಹೇಗೆ ಕಾಣುತ್ತದೋ ಹಾಗೆ ಅದು ನನಗೆ ಕಾಣುತ್ತಿದೆ.

ಇಷ್ಟು ಚೆಂದವಾಗಿದ್ದದ್ದೇ ನನಗೆ ಅನುಮಾನ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ವಿಶ್ವವಿದ್ಯಾಲಯದಲ್ಲಿ ನನ್ನ ಗುರುಗಳು ಕಲಿಸಿದ್ದೆಲ್ಲ ಮರೆತುಹೋಗಿದೆ. ಕಂಡೆ ಎಂದು ಹೇಳುವವನನ್ನೇ ಮೊದಲು ಅನುಮಾನಿಸು ಎಂಬುದೊಂದು ಮಾತ್ರ ಉಳಿದಿದೆ. ಅದನ್ನು ನಾನು ಶಾಸನ, ಬಖೈರುಗಳಿಗೆ ಬಳಸಿದೆ, ಸಹೋದ್ಯೋಗಿಗಳಿಗೆ ಬಳಸಿದೆ, ಕೊನೆಗೆ ನನ್ನ ಮೇಲೇ ಬಳಸತೊಡಗಿದೆ. ಅಲ್ಲಿಂದ ನೆಮ್ಮದಿ ಇಲ್ಲ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನಿಂದ ವಾಪಸ್ಸು ಬಂದು ಬೀಗ ಎಳೆದು ನೋಡುವವರ ಪೈಕಿ ನಾನು.

ಅನುಮಾನಕ್ಕೆ ಕಾರಣವೂ ಇದೆ ಅನ್ನಿ. ಚಿಕ್ಕಂದಿನಲ್ಲಿ ನಾನು ಸೂಳೆಕೆರೆಯ ನೀರಿಗೆ ಬಿದ್ದು, ಯಾರೋ ಜುಟ್ಟು ಹಿಡಿದು ಎಳೆದು ಉಳಿಸಿದ್ದನ್ನು ಬಹಳ ಕಾಲ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮೂಗಿಗೆ ನೀರು ನುಗ್ಗಿದ ಉರಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಎಲ್ಲ ವರ್ಣಿಸುತ್ತಿದ್ದೆ. ಒಂದು ಮದುವೆಮನೆಯಲ್ಲಿ ಹೀಗೇ ವರ್ಣಿಸುವಾಗ ನನ್ನ ಅಕ್ಕ ಪಕ್ಕದ ಎಲೆಯಿಂದ ತಲೆಯೆತ್ತಿ, "ಬಿದ್ದಿದ್ದು ನಾನು ಕಣೋ. ನೀನು ದಡದಾಗೆ ಕೂತು ಚಕ್ಕುಲಿ ತಿಂತಿದ್ದಿ," ಎಂದಳು. ಜುಟ್ಟಿನ ವಿಷಯ ಆಮೇಲೆ ಹೊಳೆಯಿತು. ನನಗೆ ಯಾವತ್ತೂ ಜುಟ್ಟು ಇರಲಿಲ್ಲ.

ಹಾಗಾಗಿ ದೋಣಿಯ ವಿಷಯಕ್ಕೂ ಅಕ್ಕನಿಗೇ ಫೋನು ಮಾಡಿದೆ. ಸರೋಜಕ್ಕ ಚನ್ನಗಿರಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಹೊಲಿಗೆ ಯಂತ್ರದ ಸದ್ದು ನಿಲ್ಲಿಸದೆಯೇ ಕೇಳಿಸಿಕೊಂಡಳು.

"ತೊಲೆಗಾ? ದೋಣಿ ಏನು ತೊಟ್ಲಾ? ದಾದಾಪೀರಣ್ಣರ ಅಂಗಳದಾಗೆ ಎರಡು ದಿಮ್ಮಿ ಇಟ್ಟು, ಮ್ಯಾಲೆ ಕವುಚಿ ಹಾಕ್ತಿದ್ರು. ನಾವು ಅದ್ರ ಕೆಳಗೆ ತೂರಿ ಮನೆ ಆಟ ಆಡ್ತಿದ್ವಿ."

"ಆಲೆಮನೇಲಿ ತೂಗುಹಾಕಿದ್ರು ಅಕ್ಕಾ. ಕಬ್ಬಿನ ಸಿಪ್ಪೆ ಇತ್ತು."

"ನೀನು ಎಂ.ಎ. ಮಾಡ್ದಾಗಿಂದ ಹಿಂಗೇ," ಎಂದು ಫೋನಿಟ್ಟಳು.

ಸೋಲೊಪ್ಪುವುದು ನನ್ನ ಜಾಯಮಾನವಲ್ಲ. ದಾದಾಪೀರಣ್ಣನಿಗೇ ಫೋನು ಹಚ್ಚಿದೆ. ಅವನ ತಂದೆ ಆ ಊರಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದವರು. ಈಗ ಸೇತುವೆಗಳಾಗಿ ದಾಟಿಸುವ ಕೆಲಸ ಹೋಗಿದೆ. ಆದರೆ ಆ ಕಡೆಯ ದಂಡೆಯಲ್ಲಿ ಹೊಲ ಇರುವವರು ಸೇತುವೆ ಸುತ್ತಿಬರುವ ಬದಲು ಈಗಲೂ ಅವನ ದೋಣಿಯಲ್ಲೇ ಹೋಗುತ್ತಾರೆ, ಹುಲ್ಲಿನ ಹೊರೆ ತರುತ್ತಾರೆ. ಉಳಿದ ಹೊತ್ತಿನಲ್ಲಿ ಅವನು ಮೀನು ಹಿಡಿಯುತ್ತಾನೆ. ಆ ಸೀಮೆಗೆ ಉಳಿದಿರುವ ಮರದ ದೋಣಿ ಅದೊಂದೇ. ಅದನ್ನು ಮಾಡಿದ ಬಡಗಿ ಈಗಿಲ್ಲ, ಅವರ ಮಕ್ಕಳು ಬಾಗಿಲು ಕಿಟಕಿಯ ಕೆಲಸಕ್ಕೆ ಇಳಿದಿದ್ದಾರೆ. ಈ ದೋಣಿ ಹೋದರೆ ಇನ್ನೊಂದು ಇಲ್ಲ.

ನನ್ನ ಪ್ರಶ್ನೆ ಮುಗಿಯುವ ಮುಂಚೆಯೇ ಅವನೆಂದ: "ಅದೆಲ್ಲ ಆಮ್ಯಾಕೆ ಮಾತಾಡಾನ ಮೇಷ್ಟ್ರೇ. ಹೊಳಿಗೆ ಕೆಂಪು ನೀರು ಬರಾಕತ್ತೈತೆ. ನಾಳೆ ದೋಣಿ ಎತ್ತಬೇಕು. ಬರ್ರಿ, ಒಂದು ಹೆಗಲು ಕಮ್ಮಿ ಐತೆ."

ನನ್ನ ಹೆಗಲು! ಚಾಕ್‌ಪೀಸಿಗಿಂತ ಭಾರವಾದದ್ದನ್ನು ಹೊರದ ನನ್ನ ಹೆಗಲು ಒಂದು ದೋಣಿಗೆ ಬೇಕಾಗಿತ್ತು! ಆ ದಿನವೆಲ್ಲ ನಾನು ಮನೆಯಲ್ಲಿ ಕೂರಲಿಲ್ಲ, ನಿಲ್ಲಲಿಲ್ಲ. ಹಳೆಯ ಪ್ಯಾಂಟು ಹುಡುಕಿದೆ, ಕೊಡೆ ಹುಡುಕಿದೆ, ಹುಟ್ಟನ್ನೇ ತೆಗೆದುಕೊಂಡು ಹೋಗಲೇ ಎಂದು ಕೇಳಿದೆ. "ಹುಟ್ಟು ಮುಟ್ಟಿದ್ರೆ ಬಟ್ಟೆ ನೀವೇ ಹಿಡ್ಕೊಂಡು ನಿಲ್ಬೇಕು," ಎಂದಳು ಗಿರಿಜೆ.

ಮರುದಿನ ದಾವಣಗೆರೆಯ ಮೇಲಿಂದ ಹೊನ್ನಾಳಿಗೆ ಬಂದೆ. ಬಸ್ಸು ಸೇತುವೆ ಹತ್ತಿದ್ದೇ ತಡ, ಕಿಟಕಿಯ ಸೀಟಿನವರ ಮಡಿಲ ಮೇಲೆ ಬಾಗಿ ಹೊಳೆ ನೋಡಿದೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಎಳೆಯಾಗಿ ಹರಿಯುವ ಹೊಳೆ ಅಂದು ದಂಡೆಯಿಂದ ದಂಡೆಗೆ ಕೆಂಪಗೆ ಕದಡಿಕೊಂಡು, ಕಸ ಕಡ್ಡಿ ಹೊತ್ತು ಅವಸರದಲ್ಲಿ ಹೋಗುತ್ತಿತ್ತು. ಜಗಳೂರಿನವನಿಗೆ ಅಷ್ಟು ನೀರು ಒಟ್ಟಿಗೇ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. "ಇಳೀತೀರೇನ್ರಿ ಇಲ್ಲೇ?" ಎಂದು ಮಡಿಲಿನ ಯಜಮಾನರು ಕೇಳಿದ ಮೇಲೆ ನೆಟ್ಟಗಾದೆ.

ಬಸ್‌ಸ್ಟ್ಯಾಂಡಿನಲ್ಲಿ ಸರೋಜಕ್ಕ ಮಂಡಕ್ಕಿ ಮಿರ್ಚಿಯ ಪೊಟ್ಟಣ ಹಿಡಿದು ನಿಂತಿದ್ದಳು. ಬರುತ್ತೇನೆಂದು ಹೇಳಿರಲಿಲ್ಲ.

"ಅಂಗಡಿ?"

"ಬಾಗ್ಲು ಹಾಕಿ ಬಂದೆ. ನೀನು ಅಲ್ಲಿ ಹೋಗಿ ಎಲ್ರ ತಲಿಯಾಗೂ ಸುಳ್ಳು ತುಂಬ್ತಿ. ಒಬ್ರಾದ್ರೂ ಸಾಕ್ಷಿ ಬ್ಯಾಡ್ವಾ?"

ನಾವು ಆಟೋದಲ್ಲಿ ಊರು ಮುಟ್ಟುವ ಹೊತ್ತಿಗೆ ದೋಣಿಯನ್ನು ದಂಡೆಗೆ ತಂದಿದ್ದರು. ಒಳಗಿನ ಮರಳು, ಪಾಚಿ, ಮೀನಿನ ಹುರುಪೆ ತೊಳೆದು, ಕೂರುವ ಹಲಗೆಗಳನ್ನು ಕಳಚಿ ಹಗುರ ಮಾಡಿದ್ದರು. ದಂಡೆಯ ಏರಿನ ಉದ್ದಕ್ಕೂ ಬಾಳೆದಿಂಡುಗಳನ್ನು ಅಡ್ಡಡ್ಡ ಹಾಸಿತ್ತು. ದೋಣಿಯ ತಳ ಅದರ ಮೇಲೆ ಬಂದರೆ ದಿಂಡು ನಲುಗಿ ಲೋಳೆಯಾಗುತ್ತದೆ, ದೋಣಿ ಸರ್ರನೆ ಜಾರುತ್ತದೆ. ನೆಲದ ಕಲ್ಲು ತಳಕ್ಕೆ ತಾಕುವುದಿಲ್ಲ. ಮುಂದೆ ಹಗ್ಗ ಹಿಡಿದು ಕೆಲವರು, ಹಿಂದಿನಿಂದ ಹೆಗಲು ಕೊಟ್ಟು ಕೆಲವರು, ದಾದಾಪೀರಣ್ಣ ಪಕ್ಕದಲ್ಲಿ ನಿಂತು "ಐಸಾ!" ಅನ್ನಬೇಕು, ಎಲ್ಲರೂ ಒಂದೇ ಉಸಿರಿಗೆ ನೂಕಬೇಕು.

ನಾನು ಚಪ್ಪಲಿ ಬಿಟ್ಟು ಓಡಿಹೋಗಿ ಹಿಂದಿನ ಸಾಲಿನಲ್ಲಿ ಹೆಗಲು ಕೊಟ್ಟೆ. ಐಸಾ! ಆ ಒದ್ದೆ ಮರ ಹೆಗಲಿಗೆ ಒತ್ತಿದಾಗ ಆದ ಖುಷಿಯನ್ನು ಏನೆಂದು ಹೇಳಲಿ! ಐಸಾ! ದೋಣಿ ಸರಿಯಿತು. ಐಸಾ! ದೋಣಿ ಮುಂದೆ ಹೋಯಿತು, ನನ್ನ ಕಾಲು ನಲುಗಿದ ದಿಂಡಿನ ಮೇಲೆ ಬಿತ್ತು, ನಾನು ಹೊಳೆಯ ಕಡೆಗೆ ಹೊರಟೆ. ಕೂತ ಭಂಗಿಯಲ್ಲಿ, ಬಹಳ ಮರ್ಯಾದೆಯಿಂದ, ನೀರಿನ ಅಂಚಿನವರೆಗೂ ಜಾರಿದೆ.

"ದೋಣಿ ಮ್ಯಾಲೆ ತಗಳ್ರಿ ಅಂದ್ರೆ ಮೇಷ್ಟ್ರು ತಾವೇ ಹೊಳಿಗೆ ಹೊಂಟ್ರಲ್ಲೋ!" ಎಂದು ಯಾರೋ ಕೂಗಿದರು. ದಂಡೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಬೀಯಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಬೀಯಮ್ಮ ದಾದಾಪೀರಣ್ಣನ ತಾಯಿ. ಆ ಮನೆಯಲ್ಲಿ ದೋಣಿಯ ವಿಷಯಕ್ಕೆ ಅವರದೇ ಕೊನೆಯ ಮಾತು.

ಸುಧಾರಿಸಿಕೊಳ್ಳುವ ನೆಪದಲ್ಲಿ ಅವರ ಕುರ್ಚಿಯ ಪಕ್ಕ ಕೂತು ನನ್ನ ಪ್ರಶ್ನೆ ಕೇಳಿದೆ. ಮೊದಲೆಲ್ಲ ದೋಣಿಯನ್ನು ಆಲೆಮನೆಯಲ್ಲಿ ತೂಗುಹಾಕುತ್ತಿದ್ದರೇ?

"ನಂಗೇನು ಗೊತ್ತಪ್ಪ? ಆ ಕಾಲದಾಗೆ ನಂಗೆ ಹೊಳಿ ಕಡೆ ಬರಾಕೆ ಎಲ್ಲಿ ಬಿಡುವಿತ್ತು? ಮನಿ ತುಂಬ ಜನ, ಒಲಿ ಮುಂದೇ ಇರ್ತಿದ್ದೆ."

"ಅಂಗಳದಾಗೆ ಇಡ್ತಿದ್ರಲ್ಲ ಬೀಯಮ್ಮ?" ಎಂದಳು ಅಕ್ಕ.

"ಹೂಂ, ಅದು ನೆನಪೈತೆ. ಅದ್ರ ಮ್ಯಾಲೆ ಸಂಡಿಗೆ ಒಣಗಿಸಿದೀನಿ."

ಸಂಡಿಗೆಯ ಸಾಕ್ಷ್ಯದ ಎದುರು ನನ್ನದೇನು ನಡೆದೀತು? ಅಕ್ಕ ನನ್ನ ಕೈಗೆ ಒಂದು ಮಿರ್ಚಿ ಕೊಟ್ಟಳು, ಸಮಾಧಾನಕ್ಕೆ.

ಏರು ಮುಗಿದ ಮೇಲೆ ದೋಣಿಯ ಅಡಿಗೆ ಬೊಂಬುಗಳನ್ನು ಅಡ್ಡ ತೂರಿಸಿ ಹೆಗಲ ಮೇಲೆ ಹೊತ್ತರು. ದೇವರ ಪಲ್ಲಕ್ಕಿಯ ಹಾಗೆ ಬೀದಿಯಲ್ಲಿ ದೋಣಿ ನಡೆಯಿತು. ನನಗೆ ಬೊಂಬಿನ ತುದಿ ಸಿಕ್ಕಿತ್ತು. ನನ್ನ ಎತ್ತರ ಕಮ್ಮಿಯಾದ್ದರಿಂದ ಭಾರ ನನ್ನ ಹೆಗಲು ಮುಟ್ಟುತ್ತಿರಲಿಲ್ಲ ಎಂಬುದು ನನಗೂ ಪಕ್ಕದವನಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ. ಮಳೆಗಾಲ ಪೂರ್ತಿ ದೋಣಿಗೆ ಕೆಲಸವಿಲ್ಲ. ಕೆಲಸವಿಲ್ಲದ ಕಾಲದಲ್ಲೇ ಅದಕ್ಕೆ ಶತ್ರುಗಳು ಹೆಚ್ಚು: ನೆಲಕ್ಕೆ ತಾಗಿದರೆ ಗೆದ್ದಲು, ಬಿಸಿಲಿಗೆ ಬಿಟ್ಟರೆ ಬಿರುಕು, ಮಳೆಗೆ ಬಿಟ್ಟರೆ ಕೊಳೆತ. ಬೇಸಿಗೆ ರಜೆಯ ಮೇಷ್ಟ್ರುಗಳ ಕತೆಯೂ ಹೆಚ್ಚುಕಮ್ಮಿ ಇದೇ.

ದಾದಾಪೀರಣ್ಣನ ಮನೆಯ ಮುಂದೆ ಪಲ್ಲಕ್ಕಿ ನಿಂತಿತು. ಕಳೆದ ವರ್ಷ ಅವನು ಅಂಗಳಕ್ಕೆ ಎತ್ತರದ ಕಾಂಪೌಂಡು ಕಟ್ಟಿಸಿ, ಗೇಟಿಗೆ ಎರಡು ದಪ್ಪ ಕಂಬ ಎಬ್ಬಿಸಿದ್ದ. ಕಂಬಗಳಿಗೆ ಮಿಂಚುವ ಕೆಂಪು ಟೈಲ್ಸ್. ದೋಣಿಯ ಮೂತಿ ಗೇಟಿನೊಳಗೆ ಹೋಯಿತು. ಹೊಟ್ಟೆ ಹೋಗಲಿಲ್ಲ.

"ಹಿಂದೆ ತಗಳ್ರಿ, ನ್ಯಾರ ಹಿಡೀರಿ."

ನೇರ ಹಿಡಿದರು. ಹೋಗಲಿಲ್ಲ. ಎಡಕ್ಕೆ ಕೊಂಚ ತಿರುಗಿಸಿದರು. ಟೈಲ್ಸಿನ ಮೇಲೆ ಮರ ಕಿರ್ರೆಂದಿತು. ದಾದಾಪೀರಣ್ಣ ತಲೆಯ ಟವೆಲ್ಲು ತೆಗೆದು ಬೆವರು ಒರೆಸಿಕೊಂಡ.

"ಇದೇ ಗೇಟಿನಾಗೆ ಹೊರಗೆ ಹೋಗೈತೆ ಕಣ್ರಿ! ಚಳಿಗಾಲದಾಗೆ ಇದ್ರಾಗೇ ತಗಂಡು ಹೋಗೀವಿ. ದೋಣಿ ಅಳತಿ ಹಿಡಿದೇ ಗೇಟು ಕಟ್ಟಿಸೀನಿ!"

ಹೋದ ಬಾಗಿಲಲ್ಲಿ ವಾಪಸ್ಸು ಬಾರದ ದೋಣಿ! ನನ್ನೊಳಗಿನ ವಿಶ್ವವಿದ್ಯಾಲಯ ಎದ್ದು ಕೂತಿತು. ಒಣ ಮರ ನೀರಿನಲ್ಲಿ ಇದ್ದಷ್ಟು ಕಾಲ ಉಬ್ಬುತ್ತದೆ, ಅಂಗಳದಲ್ಲಿ ಒಣಗಿದ್ದಾಗ ಅಳತೆ ತೆಗೆದಿದ್ದೀರಿ, ಈಗ ದೋಣಿ ನೀರು ಕುಡಿದು ದಪ್ಪಗಾಗಿದೆ ಎಂದು ವಿವರಿಸತೊಡಗಿದೆ. ಬೊಂಬು ಹೊತ್ತವರು ಬಹಳ ತಾಳ್ಮೆಯಿಂದ ಕೇಳಿದರು. ಭಾರ ಅವರ ಹೆಗಲ ಮೇಲೇ ಇತ್ತು. ಅಷ್ಟರಲ್ಲಿ ಸರೋಜಕ್ಕ ಗೇಟಿನ ಕಂಬದ ಹತ್ತಿರ ಹೋಗಿ ಅಂಗೈಯಲ್ಲಿ ಸವರಿದಳು.

"ದಾದಣ್ಣ, ಅಳತಿ ತಗಂಡಾಗ ಈ ಟೈಲ್ಸ್ ಇದ್ವಾ?"

ದಾದಾಪೀರಣ್ಣ ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿಕೊಳ್ಳತೊಡಗಿದ.

"ಬರೀ ಇಟ್ಟಿಗೆ ಇದ್ದಾಗ ಅಳತಿ. ದೋಣಿ ಹೊರಗೆ ಹೋದ್ಮ್ಯಾಲೆ ಗಿಲಾವು, ಅದ್ರ ಮ್ಯಾಲೆ ಟೈಲ್ಸು. ಎರಡೂ ಕಡೆ ದಪ್ಪ ಅಸ್ತರ ಕೊಟ್ಟು ಹೊಲಿದ್ರೆ ಜುಬ್ಬದಾಗೆ ಮೈ ಹೆಂಗೆ ತೂರ್ತೈತೆ?"

ನಕ್ಕರೆ ಬೊಂಬು ಜಾರುತ್ತದೆಂಬ ಭಯಕ್ಕೆ ಯಾರೂ ಗಟ್ಟಿಯಾಗಿ ನಗಲಿಲ್ಲ. "ಟೈಲ್ಸು ಬ್ಯಾಡ ಬ್ಯಾಡ ಅಂತ ಬಡ್ಕಂಡೆ," ಎಂದರು ಬೀಯಮ್ಮ. ಮರ ಉಬ್ಬಿದ್ದೂ ಸ್ವಲ್ಪ ಕಾರಣವಿರಬಹುದು ಎಂದು ನಾನೆಂದೆ. ನನ್ನ ಮಾತು ಹಾಗೇ ಬೀದಿಯಲ್ಲಿ ಉಳಿಯಿತು.

ನಗುವ ಹೊತ್ತು ಅದಾಗಿರಲಿಲ್ಲ ಕೂಡ. ಮೇಲೆ ಅಣೆಕಟ್ಟಿನಿಂದ ಇನ್ನಷ್ಟು ನೀರು ಬಿಟ್ಟಿದ್ದಾರೆಂದು ಸುದ್ದಿ ಬಂದಿತ್ತು. ಸಂಜೆಯ ಹೊತ್ತಿಗೆ ಹೊಳೆ ನಾವು ದೋಣಿ ಎಳೆದ ಏರನ್ನು ಮುಟ್ಟುತ್ತದೆ. ಬೀದಿಯಲ್ಲಿ ಬಿಡುವಂತಿಲ್ಲ. ದಂಡೆಯ ಬೇವಿನ ಮರಕ್ಕೆ ಕಟ್ಟಿಬಿಡಿ ಎಂದು ಒಬ್ಬರೆಂದರೆ, ಕಟ್ಟಿದ ಹಗ್ಗವನ್ನು ತೇಲಿಬಂದ ಮರವೊಂದು ಹರಿದುಕೊಂಡು ಹೋಗಿ ಪಕ್ಕದೂರಿನವರು ದೋಣಿ ಕಳೆದುಕೊಂಡದ್ದನ್ನು ಇನ್ನೊಬ್ಬರು ನೆನಪಿಸಿದರು. ಆ ಮಾತಿಗೆ ದಾದಾಪೀರಣ್ಣನ ಮುಖ ಬೂದಿಯಾಯಿತು. ಟೈಲ್ಸ್ ಒಡೆಯುತ್ತೇನೆ, ಸುತ್ತಿಗೆ ತನ್ನಿ ಎಂದ. ಟೈಲ್ಸು ಒಡೆದರೂ ಗಿಲಾವು ಕೀಳುವ ಹೊತ್ತಿಗೆ ಕತ್ತಲಾಗುತ್ತದೆ.

"ಮಗ್ಗಲಾಗಿ ಹಿಡಿದು ಒಳಗೆ ತೂರಿಸಿದ್ರೆ?" ಎಂದು ನಾನು ಕೇಳಿದೆ. ದೋಣಿಯನ್ನು ಒಂದು ಪಕ್ಕಕ್ಕೆ ಮಲಗಿಸಿ ಒಯ್ದರೆ ಸಲೀಸಾಗಿ ಹೋಗುತ್ತಿತ್ತು. ಎಲ್ಲರೂ ಒಮ್ಮೆಲೇ ಬೀಯಮ್ಮನ ಕಡೆ ತಿರುಗಿದರು.

ಗೇಟಿನ ಪಕ್ಕಕ್ಕೂ ಕುರ್ಚಿ ತರಿಸಿಕೊಂಡು ಕೂತಿದ್ದ ಬೀಯಮ್ಮ ಎದ್ದರು. "ಹೊಳಿಯಾಗೆ ದೋಣಿ ಮಗ್ಗಲಾತು ಅಂದ್ರೆ ಏನಂತ ನಿಮ್ಗೆಲ್ಲ ಗೊತ್ತೈತೆ. ನೆಲದ ಮ್ಯಾಲೆ ಅದಕ್ಕೆ ಆ ರೂಢಿ ಮಾಡಿಸಬ್ಯಾಡ್ರಿ. ಕವುಚಿ ಇಡ್ರಿ, ಅಂಗಾತ ಇಡ್ರಿ. ಮಗ್ಗಲು ಬ್ಯಾಡ."

ಅಲ್ಲಿದ್ದ ಯಾರೂ ಎದುರಾಡಲಿಲ್ಲ. ದಿನಾ ಆ ದೋಣಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಹೊಳೆ ದಾಟುವವರು ಅವರು. ಎಲ್ಲದಕ್ಕೂ ಪುರಾವೆ ಕೇಳುವ ನಾನು ಕೂಡ ಅಂದು ಕೇಳಲಿಲ್ಲ.

ಆಗಲೇ ನನ್ನ ಬಾಯಿಂದ ಬಂದದ್ದು: "ಆಲೆಮನೆ!"

ಬೀದಿಯ ಕೊನೆಯಲ್ಲಿ ಗುರುಬಸಣ್ಣನವರ ಹಳೆಯ ಆಲೆಮನೆ ಇನ್ನೂ ನಿಂತಿತ್ತು. ಕಬ್ಬು ಅರೆದು ಬೆಲ್ಲ ಕಾಸುವುದು ನಿಂತು ಬಹಳ ವರ್ಷವಾದರೂ ಕಲ್ಲಿನ ಕಂಬ, ಹಂಚಿನ ಮಾಡು ಗಟ್ಟಿಯಾಗಿದ್ದವು. ಒಂದು ಪಕ್ಕ ಗೋಡೆಯೇ ಇಲ್ಲ, ಆನೆ ನುಗ್ಗಿಸಬಹುದು. ಗುರುಬಸಣ್ಣನವರು ನಮ್ಮ ಜೊತೆಗೇ ಇದ್ದರು. ವಯಸ್ಸಾಗಿದ್ದರಿಂದ ಬೊಂಬು ಹೊರದೆ ಬುದ್ಧಿ ಹೇಳುತ್ತ ಬಂದಿದ್ದರು.

"ಇಡ್ರಿ, ನಂದೇನು ಅಡ್ಡಿ ಇಲ್ಲ," ಎಂದರು. "ಆದ್ರೆ ಅದು ತಗ್ಗು. ದೊಡ್ಡ ನೀರು ಬಂದ್ರೆ ಒಳಗೆ ಮಣಕಾಲು ಮುಳುಗ್ತೈತೆ. ದೋಣಿ ತೇಲಿ ಹೊರಗೆ ಹೋದ್ರೆ ನನ್ನ ಕೇಳಬ್ಯಾಡ್ರಿ."

"ನೆಲದ ಮೇಲೆ ಯಾಕಿಡ್ತೀರಿ? ತೊಲೆಗೆ ತೂಗುಹಾಕ್ರಿ!" ನನ್ನ ದನಿ ಏರಿತ್ತು. "ಹಿಂದೆ ಹಾಗೇ ಮಾಡ್ತಿದ್ರು. ನಾನು ಕಂಡೀನಿ. ಇದರ ಕೆಳಗೇ ಮಲಗಿ ಕಂಡೀನಿ!"

ದಾದಾಪೀರಣ್ಣ ನನ್ನ ಮುಖ ನೋಡಿದ. "ಕಂಡೀರಾ ಮೇಷ್ಟ್ರೇ? ಖರೇ?"

ಎಂಥ ಪ್ರಶ್ನೆ! ಖರೇ ಏನೆಂದು ನನಗೆ ಗೊತ್ತಿದ್ದರೆ ನಾನು ಜಗಳೂರಿನಿಂದ ಯಾಕೆ ಬರುತ್ತಿದ್ದೆ? ಅಕ್ಕ ನನ್ನನ್ನೇ ನೋಡುತ್ತಿದ್ದಳು. ಆ ತೊಲೆ ತಡೆಯದೆ ಮುರಿದರೆ, ಆ ಸೀಮೆಯ ಕೊನೆಯ ದೋಣಿ ಕಲ್ಲಿನ ನೆಲಕ್ಕೆ ಬಿದ್ದು ಸೀಳಿಹೋದರೆ, ಅದು ನನ್ನ ನೆನಪಿನ ತಲೆಯ ಮೇಲೆ. "ಖರೇ," ಎಂದುಬಿಟ್ಟೆ.

"ಮೇಷ್ಟ್ರು ಕಂಡಾರೆ ಅಂದ್ಮ್ಯಾಲೆ ಮುಗೀತು. ನಡೀರಿ!"

ಆಮೇಲಿನದೆಲ್ಲ ಗಾಳಿಯ ವೇಗದಲ್ಲಿ ನಡೆಯಿತು. ದೋಣಿಯನ್ನು ಆಲೆಮನೆಯ ನಡುವೆ ಇಳಿಸಿದರು. ಯಾರೋ ಏಣಿ ತಂದರು, ಯಾರೋ ಟ್ರ್ಯಾಕ್ಟರಿನ ಹಗ್ಗ ತಂದರು, ಹಗ್ಗ ಮರಕ್ಕೆ ಕೊರೆಯಬಾರದೆಂದು ಬೀಯಮ್ಮ ಮನೆಯಿಂದ ಹಳೆಯ ಗೋಣಿಚೀಲ ತರಿಸಿದರು. ನಾನು ತಲೆಯೆತ್ತಿ ನೋಡಿದೆ. ಬೆಲ್ಲದ ಹೊಗೆ ಹಿಡಿದು ಕಪ್ಪಗಾದ ಎರಡು ತೊಲೆ. ಎರಡರ ಮೇಲೂ ಹಗ್ಗ ಉಜ್ಜಿ ಉಜ್ಜಿ ನುಣ್ಣಗಾದ ತಗ್ಗು! "ನೋಡ್ರಿ! ಹಗ್ಗದ ಗುರುತು!" ಎಂದು ಕುಣಿದೆ. ಎಲ್ಲರೂ ನೋಡಿದರು, ಎಲ್ಲರೂ ಹೂಂ ಎಂದರು. ಸಂಡಿಗೆಯ ಸಾಕ್ಷ್ಯ ಬಿದ್ದುಹೋಯಿತು. ಅಕ್ಕನ ಮುಖದಲ್ಲಿ ಮೊದಲ ಸಲ ಅನುಮಾನ ಕಂಡು ನನಗಾದ ಆನಂದ ಅಷ್ಟಿಷ್ಟಲ್ಲ.

ದೋಣಿಯ ಮುಂದಿನ ಭಾಗಕ್ಕೊಂದು, ಹಿಂದಿನ ಭಾಗಕ್ಕೊಂದು ಜೋಲಿಯ ಹಾಗೆ ಹಗ್ಗ ಸುತ್ತಿ, ತುದಿಗಳನ್ನು ತೊಲೆಯ ಮೇಲಿಂದ ಎಡಕ್ಕೂ ಬಲಕ್ಕೂ ಹಾಯಿಸಿ ಇಳಿಬಿಟ್ಟರು. ಎರಡೂ ಕಡೆ ಜನ ಹಂಚಿಕೊಂಡು ಹಿಡಿದೆವು. ಎಡ ಬಲ ಸಮನಾಗಿ ಏರಬೇಕು, ಇಲ್ಲದಿದ್ದರೆ ದೋಣಿ ಮಗ್ಗಲಾಗುತ್ತದೆ. ಬೀಯಮ್ಮ ಎದುರಿಗೆ ನಿಂತು ನೋಡುತ್ತಿದ್ದರು. ಐಸಾ! ದೋಣಿ ನೆಲ ಬಿಟ್ಟಿತು! ಐಸಾ! ಮಣಕಾಲಿನವರೆಗೆ ಬಂತು. ಐಸಾ! ತೊಲೆ ಒಮ್ಮೆ ನರಳಿತು, ಹಂಚಿನಿಂದ ಧೂಳು ಉದುರಿತು, ಎಲ್ಲರೂ ಉಸಿರು ಹಿಡಿದರು. ತೊಲೆ ತಡೆಯಿತು. ಐಸಾ! ಎದೆಯ ಮಟ್ಟಕ್ಕೆ ಬಂತು.

ಆಗ ಗುರುಬಸಣ್ಣನವರು ಕಂಬಕ್ಕೆ ಒರಗಿ, ತಲೆಯೆತ್ತಿ ನೋಡುತ್ತ, ಬಹಳ ಸಾವಕಾಶವಾಗಿ ಮಾತು ತೆಗೆದರು.

"ಈಗ ನೆನಪಾತು ನೋಡ್ರಿ. ಇಲ್ಲಿ ತೂಗುಹಾಕ್ತಿದ್ದಿದ್ದು ದೋಣಿ ಅಲ್ಲ. ನಮ್ಮ ಕೊಪ್ಪರಿಗೆ."

ಕೊಪ್ಪರಿಗೆ ಎಂದರೆ ಕಬ್ಬಿನ ಹಾಲು ಕಾಸುವ ಕಬ್ಬಿಣದ ದೊಡ್ಡ ಬಾಣಲೆ.

"ಬೆಲ್ಲದ ಕಾಲ ಮುಗಿದ್ಮ್ಯಾಲೆ ನೆಲದಾಗಿದ್ರೆ ತುಕ್ಕು ಹಿಡೀತೈತೆ ಅಂತ ನಮ್ಮಪ್ಪ ಅದನ್ನ ಮ್ಯಾಲೆ ಕಟ್ಟಿಸ್ತಿದ್ದ. ತಳ ಮಸಿ ಹಿಡಿದು ಕರ್ರಗೆ ಮಿಂಚ್ತಿತ್ತು. ಮೇಷ್ಟ್ರು ಕೆಳಗೆ ಮಲಗಿ ನೋಡಿದ್ದು ಅದೇ ಇರಬೇಕು."

ನನ್ನ ಕೈ ಸಡಿಲವಾಯಿತು. ಕೊಪ್ಪರಿಗೆ! ಕಪ್ಪಗೆ ಮಿರುಗುವ ಹೊಟ್ಟೆ! ಮೀನಿಗೆ ಕಾಣುವ ದೋಣಿ ಎಂದು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದು ಒಂದು ಬಾಣಲೆಯ ತಳ!

"ಮಗ್ಗಲು! ಮಗ್ಗಲು!" ಬೀಯಮ್ಮ ಚೀರಿದರು.

"ಮೇಷ್ಟ್ರೇ, ಹಗ್ಗ!" ಎಂದು ದಾದಾಪೀರಣ್ಣ ಅರಚಿದ. ನೋಡಿದರೆ ನನ್ನ ಕಡೆಯ ಅಂಚು ಕೆಳಗೆ ಬಾಗುತ್ತಿತ್ತು. ಹಗ್ಗವನ್ನು ಕೈಗೆ ಸುತ್ತಿಕೊಂಡು ಇದ್ದಬದ್ದ ಬಲ ಹಾಕಿ ಜಗ್ಗಿದೆ. ಸರೋಜಕ್ಕ ಸೆರಗು ಸಿಕ್ಕಿಸಿಕೊಂಡು ನನ್ನ ಹಿಂದೆ ಬಂದು ಅದೇ ಹಗ್ಗ ಹಿಡಿದಳು.

"ಎಳಿಯೋ! ಕೊಪ್ಪರಿಗೆನ ದೋಣಿ ಮಾಡ್ದೋನು ನೀನು, ಇದನ್ನ ಬಾಣಲೆ ಮಾಡಬ್ಯಾಡ!"

ನಗುವುದೋ ಎಳೆಯುವುದೋ! ಎರಡೂ ಮಾಡಿದೆವು. ದೋಣಿ ನೆಟ್ಟಗಾಯಿತು. ಕೆಳಗಿಳಿಸೋಣವೇ ಎಂದು ಯಾರೋ ಕೇಳಿದರು.

"ಯಾಕೆ ಇಳಿಸ್ತೀರಿ?" ಎಂದ ದಾದಾಪೀರಣ್ಣ, ಹಲ್ಲು ಕಚ್ಚಿ. "ಕೊಪ್ಪರಿಗೆ ಏನು ಹೂವಿನಷ್ಟು ಹಗುರಿತ್ತಾ? ಅದನ್ನ ತಡೆದಿದ್ದು ಇದನ್ನೂ ತಡೀತೈತೆ. ಐಸಾ!"

ಮತ್ತೆ ಐಸಾ, ಮತ್ತೆ ಐಸಾ. ದೋಣಿ ನಮ್ಮೆಲ್ಲರ ತಲೆ ದಾಟಿ ಮೇಲೆ ಹೋಯಿತು. ಹಗ್ಗಗಳನ್ನು ಕಲ್ಲಿನ ಕಂಬಗಳಿಗೆ ಸುತ್ತಿ ಬಿಗಿದರು. ನನ್ನ ಅಂಗೈ ಸುಲಿದಿತ್ತು. ಹೊರಗೆ ಮಳೆ ಶುರುವಾಯಿತು. ಎಲ್ಲರೂ ಅದರ ಕೆಳಗೇ ಕೂತು ಮಂಡಕ್ಕಿ ತಿಂದೆವು. ಮಂಡಕ್ಕಿ ಸಾಲಲಿಲ್ಲ, ಬೀಯಮ್ಮ ಚಹಾ ಕಳಿಸಿದರು. ಅವಮಾನ, ಆನಂದ ಎರಡೂ ಒಟ್ಟಿಗೇ ಆದಾಗ ಚಹಾ ಬಹಳ ರುಚಿಯಾಗಿರುತ್ತದೆ.

ಕೆಲವು ದಿನಗಳಾದ ಮೇಲೆ ದಾದಾಪೀರಣ್ಣನ ಫೋನು ಬಂತು. ಹೊಳೆ ಉಕ್ಕಿ ಬೀದಿಗೇ ಬಂದಿದೆ, ಅವನ ಅಂಗಳದಲ್ಲೂ ನೀರು, ಟೈಲ್ಸಿನ ಕಂಬ ಅರ್ಧ ಮುಳುಗಿದೆ. "ಆಲೆಮನಿಯಾಗೆ ನಡುಮಟ ನೀರು ಐತೆ ಮೇಷ್ಟ್ರೇ. ದೋಣಿ ಮ್ಯಾಲೆ ಆರಾಮಾಗಿ ತೂಗ್ತಾ ಐತೆ. ಅಂಗಳದಾಗೆ ಇಟ್ಟಿದ್ರೆ ಈಗ ಕಾಂಪೌಂಡಿಗೆ ಬಡಬಡಿದು ಚೂರಾಗ್ತಿತ್ತು!" ನಾನು ಜಗಳೂರಿನ ಹಿತ್ತಲಲ್ಲಿ ನಿಂತು, ಒಂದು ಹನಿ ಮಳೆ ಇಲ್ಲದ ಆಕಾಶದ ಕೆಳಗೆ, ಹುಟ್ಟನ್ನು ಹಿಡಿದುಕೊಂಡು "ಹೋ!" ಎಂದು ಕೂಗಿದೆ. ಗಿರಿಜೆ ಒಳಗಿಂದ ಓಡಿ ಬಂದಳು.

ದೀಪಾವಳಿ ಕಳೆದ ಮೇಲೆ ದೋಣಿ ಇಳಿಸುವ ದಿನ ಅಕ್ಕನೂ ನಾನೂ ಮತ್ತೆ ಹೋದೆವು. ಮೇಲೆ ತೂಗುವಾಗಲೇ ತಳಕ್ಕೆ ಡಾಂಬರು ಬಳಿಯುವುದು ಸುಲಭ ಎಂದು ಕಂಡುಕೊಂಡು, ದಾದಾಪೀರಣ್ಣ ಸ್ಟೂಲಿನ ಮೇಲೆ ನಿಂತು ಬಳಿಯುತ್ತಿದ್ದ. ಸುತ್ತ ನಿಂತವರಲ್ಲಿ ಪರವೂರಿನವರೂ ಇದ್ದರು. ಅವರಲ್ಲೊಬ್ಬರು ಇದೇನು ಹೊಸ ಪದ್ಧತಿ ಎಂದು ಕೇಳಿದರು.

"ಹೊಸದೇನಲ್ಲ ಬಿಡ್ರಿ," ಎಂದ ದಾದಾಪೀರಣ್ಣ. "ನಮ್ಮಜ್ಜನ ಕಾಲದಿಂದಾನೂ ಹಿಂಗೇ. ನಡುವೆ ಸ್ವಲ್ಪ ವರ್ಷ ಅಂಗಳದಾಗೆ ಇಡ್ತಿದ್ವಿ, ಅಷ್ಟೇ."

ನಾನು ಗುರುಬಸಣ್ಣನವರ ಕಡೆ ನೋಡಿದೆ. ಅವರು ತಲೆಯಾಡಿಸಿದರು. "ಹೂಂ, ನಮ್ಮಪ್ಪ ಹೇಳ್ತಿದ್ದ. ಒಂದು ತೊಲಿಗೆ ದೋಣಿ, ಇನ್ನೊಂದಕ್ಕೆ ಕೊಪ್ಪರಿಗೆ."

"ನಾನು ಆವಾಗ್ಲೇ ಅಂದಿದ್ನಲ್ಲ," ಎಂದಳು ಸರೋಜಕ್ಕ, ಚೂರೂ ನಾಚದೆ.

"ಮಂಜ ಇಲ್ಲೇ ಮಲಗ್ತಿದ್ದ," ಎಂದರು ಬೀಯಮ್ಮ, ನನ್ನ ಕಡೆ ಬೆರಳು ತೋರಿಸಿ, ಚಿಕ್ಕಂದಿನ ಹೆಸರು ಹಿಡಿದು. "ಬಾಯಾಗೆ ಬೆಲ್ಲ ಇಟ್ಕಂಡು ಮ್ಯಾಲೆ ದೋಣಿ ನೋಡ್ತಿದ್ದ. ಎಬ್ಬಿಸಾಕೆ ನಾನೇ ಬರ್ತಿದ್ದೆ."

ಆ ಕಾಲದಲ್ಲಿ ಒಲೆಯ ಮುಂದೆಯೇ ಇರುತ್ತಿದ್ದೆ ಎಂದವರು ಇವರೇ. ಈಗ ಆ ಊರಿನಲ್ಲಿ ಎಲ್ಲರಿಗೂ ಅದು ಚೆನ್ನಾಗಿ ನೆನಪಿದೆ. ನಂಬಲಾರದವನು ನಾನೊಬ್ಬನೇ. ಒಂದು ತೊಲೆಗೆ ಒಂದು ದೋಣಿ ತೂಗುವುದು ಹೇಗೆ, ಎರಡು ತೊಲೆ ಬೇಕಲ್ಲವೇ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಬದಲಿಗೆ ಅಲ್ಲೇ ನೆಲದ ಮೇಲೆ ಅಂಗಾತ ಮಲಗಿದೆ.

"ಏಯ್, ಎದ್ದೇಳೋ, ವಯಸ್ಸು ನೋಡು!" ಎಂದಳು ಅಕ್ಕ.

ಹಂಚಿನ ಸಂದಿಯಿಂದ ಬಿಸಿಲಿನ ಕೋಲುಗಳು ಇಳಿದಿದ್ದವು. ಮೇಲೆ ದೋಣಿಯ ಹೊಟ್ಟೆ ಕಪ್ಪಗೆ ಮಿರುಗುತ್ತಿತ್ತು. ಹೀಗೇ ಇತ್ತೇ? ಹೀಗಿರಲಿಲ್ಲವೇ? ನೋಡುತ್ತಲೇ ಇದ್ದೆ. ಡಾಂಬರಿನ ಒಂದು ದೊಡ್ಡ ಹನಿ ಟಪ್ಪೆಂದು ನನ್ನ ಎದೆಯ ಮೇಲೆ ಬಿತ್ತು.

ಆ ಅಂಗಿ ಈಗ ಹಿತ್ತಲ ತಂತಿಯ ಮೇಲೆ, ಹುಟ್ಟಿನ ಪಕ್ಕದಲ್ಲೇ ಒಣಗುತ್ತಿದೆ. ಗಿರಿಜೆ ಸೀಮೆಎಣ್ಣೆ ಹಾಕಿ ಉಜ್ಜಿದಳು, ನಿಂಬೆಹಣ್ಣು ಹಚ್ಚಿದಳು, ಬಿಸಿನೀರಿನಲ್ಲಿ ನೆನೆಸಿದಳು.

"ಈ ಕಲೆ ಜಪ್ಪಯ್ಯ ಅಂದ್ರೂ ಹೋಗಾದಿಲ್ಲ ಕಣ್ರಿ."

"ಹೋಗೋದು ಬೇಡ," ಎಂದೆ. "ಇರ್ಲಿ ಬಿಡು."